ಯಾರೂ ಗೊತ್ತಿಲ್ಲದ ಊರಿನಲ್ಲಿ ಒಂದು ಮನೆ

ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಹಳೆಯ ಮನೆಯ ಹಿಂಬದಿಯ ಕೋಣೆಯಲ್ಲಿ ನಾನು ಹನ್ನೊಂದು ವರ್ಷ ಬಾಡಿಗೆಗಿದ್ದೆ. ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ, ಹೊರಗೆ ತಗಡಿನ ಬಾಗಿಲಿನ ಬಚ್ಚಲು. ಮನೆಯೊಡತಿ ಕೆಟ್ಟವರಲ್ಲ. ಹಬ್ಬದ ದಿನ ಒಬ್ಬಟ್ಟು ಕೊಡುತ್ತಿದ್ದರು. ಬೆಳಗಿನ ಜಾವ ನಾನು ಡ್ಯೂಟಿಗೆ ಹೊರಟಾಗ ಗೇಟು ಕಿರುಗುಟ್ಟಿದರೆ ಒಂದು ದಿನವೂ ಆಕ್ಷೇಪಿಸಿದವರಲ್ಲ. ದಸರಾ ಕಳೆದ ಮೇಲೆ ಒಂದು ದಿನ ಕಾಫಿಯ ಲೋಟ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಹಿಂದಿನ ಕೋಣೆಗಳನ್ನೆಲ್ಲ ಕೆಡವಿ, ಊರು ನೋಡಲು ಬರುವವರು ಉಳಿದುಕೊಳ್ಳುವಂಥ ರೂಮುಗಳನ್ನು ಕಟ್ಟಿಸುತ್ತಾರಂತೆ. ಬೇಸಿಗೆ ಮುಗಿಯುವುದರೊಳಗೆ ನಾನು ಬೇರೆ ಕಡೆ ನೋಡಿಕೊಂಡರೆ ಉಪಕಾರ ಎಂದರು.

ಆಯ್ತು ಎಂದೆ. ಅವರು ಹೋದ ಮೇಲೆ ಕೋಣೆಯ ಮಧ್ಯೆ ನಿಂತು ಸುತ್ತ ನೋಡಿದೆ. ಹನ್ನೊಂದು ವರ್ಷದಲ್ಲಿ ಆ ಗೋಡೆಗೆ ನಾನು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆ, ಕನ್ನಡಿಯನ್ನು ಕಪಾಟಿನ ಮೇಲೆ ಒರಗಿಸಿದ್ದೆ. ಬೇಡ ಎಂದು ಯಾರೂ ಹೇಳಿರಲಿಲ್ಲ. ನಾನೇ ಹಾಗೆ ಇದ್ದುಬಿಟ್ಟಿದ್ದೆ.

ನಾನು ಬಸ್ಸಿನ ಕಂಡಕ್ಟರು. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ಒಮ್ಮೊಮ್ಮೆ ನಾಗಮಂಗಲ, ಜಾತ್ರೆಯ ದಿನಗಳಲ್ಲಿ ಮೇಲುಕೋಟೆ. ಈ ರಸ್ತೆಗಳ ಮೇಲೆ ನನ್ನ ಹದಿಮೂರು ವರ್ಷ ಕಳೆದಿದೆ. ಹುಟ್ಟಿದ್ದು ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ. ಮದುವೆಯಾಗಿ ಹೋದದ್ದು ಕೆ.ಆರ್. ಪೇಟೆಗೆ. ಮದುವೆಯಾಗಿ ಆರು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಗಂಡ ಕಿಕ್ಕೇರಿಯಲ್ಲೊಂದು ಹಿಟ್ಟಿನ ಮಿಲ್ಲು ನೋಡಿಕೊಳ್ಳಲು ಹೋದವನು ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಅಲ್ಲೇ ಒಬ್ಬಳ ಜೊತೆ ಸಂಸಾರ ಹೂಡಿದ. ಜಗಳ ಆಗಲಿಲ್ಲ, ಪಂಚಾಯ್ತಿ ಸೇರಲಿಲ್ಲ, ಕೋರ್ಟಿಗೂ ಯಾರೂ ಹೋಗಲಿಲ್ಲ. ನಾನು ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದೆ, ಸಿಕ್ಕಿತು. ಕೆಲಸಕ್ಕೆ ಸೇರಿದ ಮೇಲೆ ಕಿಕ್ಕೇರಿ ಕಡೆಯ ಡ್ಯೂಟಿ ಬಿದ್ದಾಗಲೆಲ್ಲ ಯಾರನ್ನಾದರೂ ಕೇಳಿಕೊಂಡು ಬದಲಾಯಿಸಿಕೊಳ್ಳುತ್ತಿದ್ದೆ. ಡಿಪೋದಲ್ಲಿ ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ.

ಮೊದಲು ಬಾಡಿಗೆಗೇ ಹುಡುಕಿದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಜೊತೆಗೆ ಯಾರಿರುತ್ತಾರೆ? ಒಬ್ಬಳೇ ಎಂದರೆ ಅವರ ಮುಖ ಬದಲಾಗುತ್ತಿತ್ತು. ಕೆಲಸದ ಹೊತ್ತು ಹೇಳಿದರೆ ಇನ್ನಷ್ಟು. ನಾಲ್ಕು ಗಂಟೆಗೆ ಎದ್ದು ಹೋಗುವವಳು, ಯಾವಾಗ ಬರುತ್ತಾಳೋ ಗೊತ್ತಿಲ್ಲದವಳು. ಒಂದು ಕಡೆ ಮನೆ ತೋರಿಸಿ, ಬಾಡಿಗೆಯನ್ನೂ ಹೇಳಿ, ಕೊನೆಗೆ ನಿಮ್ಮ ಯಜಮಾನರನ್ನು ಒಂದು ಸಲ ಕರೆದುಕೊಂಡು ಬನ್ನಿ ಎಂದರು. ಆಗಲಿ ಎಂದು ಹೇಳಿ ಬಂದವಳು ಮತ್ತೆ ಆ ಬೀದಿಗೆ ಹೋಗಲಿಲ್ಲ.

ನನ್ನ ಬಸ್ಸಿನ ಡ್ರೈವರು ನನಗಿಂತ ಹತ್ತು ವರ್ಷ ದೊಡ್ಡವರು. ಚಿನಕುರಳಿಯ ಕಡೆಯವರು. ನಾವಿಬ್ಬರೂ ಐದಾರು ವರ್ಷದಿಂದ ಒಂದೇ ಗಾಡಿಯಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಅಣ್ಣ ಅನ್ನುತ್ತಿದ್ದೆ, ಅವರು ಅವ್ವ ಅನ್ನುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿನ್ನುತ್ತಾ ಕೂತಿದ್ದಾಗ ಅವರೇ ಆ ಮಾತೆತ್ತಿದರು.

"ಬಾಡಿಗೆ ಮನೆಗೇ ಯಾಕವ್ವ ಇಷ್ಟು ಅಲೀತೀಯ? ಸಣ್ಣದೋ ದೊಡ್ಡದೋ ನಿಂದು ಅಂತ ಒಂದು ತಗಂಬುಡು. ಆಮೇಲೆ ಯಾರೂ ನಿನ್ನ ಏನೂ ಕೇಳಕಿಲ್ಲ."

ನನಗೆ ಆಗ ನಲವತ್ತಮೂರು. ಮನೆ ಕೊಳ್ಳುವುದು ಸಂಸಾರಸ್ಥರ ಕೆಲಸ ಎಂದೇ ಅಲ್ಲಿಯವರೆಗೂ ತಿಳಿದಿದ್ದೆ. ಒಬ್ಬಳಿಗೆ ಎಷ್ಟು ಮನೆ ಬೇಕು ಎಂಬ ಲೆಕ್ಕವೂ ನನಗೆ ಗೊತ್ತಿರಲಿಲ್ಲ. ಆ ದಿನ ಮರಳಿ ಬರುವಾಗ ಕಿಟಕಿಯಾಚೆ ರಸ್ತೆಯ ಎರಡೂ ಬದಿಗೆ ನೆಟ್ಟಿದ್ದ ಬಡಾವಣೆಗಳ ಬೋರ್ಡುಗಳನ್ನು ಮೊದಲ ಬಾರಿಗೆ ಓದುತ್ತಾ ಬಂದೆ. ಎಷ್ಟೊಂದು ಇದ್ದವು. ಭತ್ತದ ಗದ್ದೆ ಮುಗಿಯುವಲ್ಲಿ ಒಂದು ಕಮಾನು, ಕಬ್ಬಿನ ತೋಟದ ನಡುವೆ ಕೆಂಪು ಮಣ್ಣಿನ ರಸ್ತೆಗಳು, ಕಲ್ಲು ನೆಟ್ಟ ಸೈಟುಗಳು.

ಮೊದಲು ನೋಡಿದ್ದು ಶ್ರೀರಂಗಪಟ್ಟಣದ ಸುತ್ತಮುತ್ತ. ಹನ್ನೊಂದು ವರ್ಷ ಇದ್ದ ಊರು, ತರಕಾರಿಯವಳಿಗೂ ನನ್ನ ಮುಖ ಗೊತ್ತು. ಆದರೆ ಊರೊಳಗಿನ ಮನೆಗಳ ಬೆಲೆ ಕೇಳಿದರೆ ಎರಡನೇ ಮಾತಾಡುವ ಹಾಗಿರಲಿಲ್ಲ. ಬೆಳಗೊಳದಲ್ಲಿ ಒಂದು ಮನೆ ಸಿಕ್ಕಿತು. ಎರಡು ಕೋಣೆ, ಮುಂದೆ ಸಣ್ಣ ಜಗಲಿ, ಹಿಂದೆ ಎರಡು ತೆಂಗಿನ ಮರ. ಸ್ವಲ್ಪ ದೂರದಲ್ಲೇ ನಾಲೆ ಹರಿಯುತ್ತಿತ್ತು. ನನಗೆ ಹಿಡಿಸಿತು. ಬೆಲೆ ಕೈಗೆಟುಕುವುದಕ್ಕಿಂತ ತುಸು ಮೇಲೆ, ಕಷ್ಟಪಟ್ಟರೆ ಆಗಬಹುದೇನೋ. ಯೋಚನೆ ಮಾಡಿ ಹೇಳುತ್ತೇನೆ ಎಂದು ಬಂದೆ.

ಯೋಚನೆ ಮಾಡುವುದು ಎಂದರೆ ಸಾಮಾನ್ಯವಾಗಿ ಯಾರನ್ನಾದರೂ ಕೇಳುವುದು. ಗಂಡ ಹೆಂಡತಿಯನ್ನು ಕೇಳುತ್ತಾನೆ, ಮಗಳು ಅಪ್ಪನನ್ನು ಕೇಳುತ್ತಾಳೆ. ನಾನು ನಾಲ್ಕು ದಿನ ಟಿಕೆಟ್ ಹರಿಯುತ್ತಾ, ಚಿಲ್ಲರೆ ಕೊಡುತ್ತಾ, ಒಳಗೊಳಗೇ ಬೇಕು ಬೇಡ ಬೇಕು ಬೇಡ ಎಂದುಕೊಂಡೆ. ಐದನೇ ದಿನ ಫೋನ್ ಮಾಡಿದಾಗ ಮೈಸೂರಿನವರು ಯಾರೋ ಬಂದು ಮುಂಗಡ ಕೊಟ್ಟು ಹೋಗಿದ್ದರು. ವಾರದ ಕೊನೆಯಲ್ಲಿ ಬಂದು ಇರುವುದಕ್ಕಂತೆ. ಅಂದು ಸಾಯಂಕಾಲ ನಾನು ಸುಮ್ಮನೆ ಬೆಳಗೊಳಕ್ಕೆ ಹೋಗಿ, ಆ ಮನೆಯ ಹತ್ತಿರ ಹೋಗದೆ, ನಾಲೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ನಾನು ಮನೆ ಹುಡುಕುತ್ತಿರುವ ಸುದ್ದಿ ನಾಗಮಂಗಲದಲ್ಲಿದ್ದ ನನ್ನ ಅಣ್ಣನಿಗೆ ತಲುಪಿತು. ಒಡಹುಟ್ಟಿದವನು ಅವನೊಬ್ಬನೇ. ಹಳ್ಳಿ ಬಿಟ್ಟು ನಾಗಮಂಗಲದಲ್ಲಿ ಹಾಲಿನ ಡೈರಿಯ ಕೆಲಸ ಹಿಡಿದು ಅಲ್ಲೇ ಮನೆ ಕಟ್ಟಿಕೊಂಡಿದ್ದ. ಫೋನ್ ಮಾಡಿ, ಅಲ್ಲೆಲ್ಲ ಯಾಕೆ ಹುಡುಕುತ್ತೀಯ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಒಂದು ಮನೆ ಮಾರಾಟಕ್ಕಿದೆ ಎಂದ. ಹೋಗಿ ನೋಡಿದೆ. ಗಟ್ಟಿ ಮನೆ, ಬೆಲೆಯೂ ಎಲ್ಲ ಕಡೆಗಿಂತ ಕಡಿಮೆ. ಅತ್ತಿಗೆ ನಾಟಿ ಕೋಳಿ ಸಾರು, ಮುದ್ದೆ ಮಾಡಿದ್ದರು. ಊಟಕ್ಕೆ ಕೂತಾಗ ನನ್ನ ಮನಸ್ಸು ಬಹುಪಾಲು ಅಲ್ಲಿಗೇ ವಾಲಿತ್ತು. ಡಿಪೋಗೆ ದೂರವಾಗುತ್ತದೆ, ವರ್ಗಾವಣೆ ಕೇಳಿದರಾಯಿತು ಎಂದೆಲ್ಲ ಯೋಚಿಸುತ್ತಿದ್ದೆ. ಅಣ್ಣ ಸಾರು ಬಡಿಸಿಕೊಳ್ಳುತ್ತಾ ಸಂತೋಷದಿಂದಲೇ ಹೇಳಿದ:

"ನಮ್ ಕಣ್ಣ ಮುಂದೆ ಇದ್ದಂಗೂ ಆಯ್ತದೆ. ನಾಳೆ ನಿನ್ ಕಾಲ ಆದ್ಮೇಲೆ ನಮ್ ಮಗೀಗೂ ಒಂದು ನೆಲೆ ಆಯ್ತದೆ ಕಣವ್ವ."

ಅವನ ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅತ್ತಿಗೆ ಮಾತ್ರ ತಟ್ಟನೆ ತಲೆಯೆತ್ತಿ ಅವನನ್ನು ನೋಡಿದರು. ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ. ಇನ್ನೂ ಒಂದು ರಾತ್ರಿಯೂ ಮಲಗಿರದ ಮನೆಯಲ್ಲಿ ನಾನು ಆಗಲೇ ಸತ್ತು ಹೋಗಿದ್ದೆ. ಅದೂ ಅಲ್ಲದೆ, ಅಲ್ಲಿದ್ದರೆ ನಾನು ಎಂದೆಂದಿಗೂ ಅಣ್ಣನ ಹಿಂದಿನ ಬೀದಿಯಲ್ಲಿರುವ ತಂಗಿಯಾಗಿಯೇ ಇರಬೇಕಾಗುತ್ತಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಬಂದು, ವಾರ ಬಿಟ್ಟು ದೂರವಾಗುತ್ತದೆ ಎಂಬ ನೆಪ ಹೇಳಿದೆ. ಅಣ್ಣನಿಗೆ ಬೇಸರವಾಯಿತು. ಆಮೇಲೆ ಬಹಳ ದಿನ ಅವನು ಫೋನ್ ಮಾಡಲಿಲ್ಲ.

ಕೆ.ಆರ್. ಪೇಟೆಯಲ್ಲೂ ಒಂದು ನೋಡಿದೆ. ಬಸ್ ಸ್ಟ್ಯಾಂಡಿಗೆ ಹತ್ತಿರ, ಮನೆಯೂ ಪರವಾಗಿಲ್ಲ. ನೋಡಿಕೊಂಡು ಹೊರಗೆ ಬಂದು ಎದುರಿನ ಅಂಗಡಿಯಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದೆ. ಅಂಗಡಿಯ ಮುದುಕಿ ನನ್ನನ್ನೇ ದಿಟ್ಟಿಸಿ, ನೀನು ಮಿಲ್ಲಿನೋನ ಮೊದ್ಲೆಂಡ್ತಿ ಅಲ್ವಾ ಎಂದಳು. ಹೌದು ಎಂದೆ. ಬಾಳೆಹಣ್ಣು ತೆಗೆದುಕೊಂಡು ಬಂದೆ. ಆ ಊರಿನ ವಿಚಾರ ಅಲ್ಲಿಗೆ ಮುಗಿಯಿತು.

ಹೀಗೆ ಉಳಿದದ್ದು ಪಾಂಡವಪುರ. ಅಲ್ಲಿ ನನಗೆ ಯಾರೂ ಇರಲಿಲ್ಲ. ಆ ಊರು ನನಗೆ ಗೊತ್ತಿದ್ದದ್ದು ಬಸ್ಸಿನ ಬಾಗಿಲಿನಿಂದ ಕಾಣುವಷ್ಟು ಮಾತ್ರ. ಪಟ್ಟಣ ದಾಟಿ ಮೂರು ಕಿಲೋಮೀಟರು ಹೋದರೆ ಮುಖ್ಯರಸ್ತೆಯಿಂದ ಒಳಗೆ ಒಂದು ಬಡಾವಣೆ. ನೂರಾರು ಸೈಟುಗಳಿದ್ದವು, ಎದ್ದಿದ್ದ ಮನೆಗಳು ಏಳೆಂಟು. ಒಂದೊಂದು ಮನೆಯ ನಡುವೆಯೂ ಹುಲ್ಲು ಬೆಳೆದ ಖಾಲಿ ಜಾಗ. ದೂರಕ್ಕೆ ಕುಂತಿಬೆಟ್ಟದ ಬಂಡೆಗಳು ಕಾಣುತ್ತಿದ್ದವು. ಮಾರಾಟಕ್ಕಿದ್ದ ಮನೆ ಕೊನೆಯ ಸಾಲಿನಲ್ಲಿ. ಕಟ್ಟಿದವರು ಯಾವುದೋ ಕಾರಣಕ್ಕೆ ತುಮಕೂರಿಗೆ ಹೋಗಿ ನೆಲೆಸಿದ್ದರು. ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿಂದೆ ಒಂದು ಸಣ್ಣ ಕೋಣೆ. ಬಣ್ಣ ಮಾಸಿತ್ತು. ಅದರ ಪಕ್ಕದ ಮನೆಯೊಂದರಲ್ಲಿ ಮಾತ್ರ ಜನರಿದ್ದರು. ಹಗ್ಗದ ಮೇಲೆ ಬಟ್ಟೆಗಳು ಹಾರಾಡುತ್ತಿದ್ದವು.

ಆ ದಿನ ಡ್ರೈವರಣ್ಣ ನನ್ನ ಜೊತೆ ಬಂದಿದ್ದರು. ನಾನೇ ಕೇಳಿಕೊಂಡಿದ್ದೆ. ಗೋಡೆ ತಟ್ಟಿ ನೋಡುವುದು, ತಾರಸಿ ಹತ್ತಿ ನೋಡುವುದು ನನಗೆ ಬಾರದು. ಬ್ರೋಕರು ಮೋಟರು, ಸಂಪು, ಮೀಟರು ಎಲ್ಲವನ್ನೂ ಅವರಿಗೇ ತೋರಿಸಿದ, ಬೆಲೆಯನ್ನೂ ಅವರಿಗೇ ಹೇಳಿದ. ನಾನು ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತಿದ್ದೆ. ಕೊನೆಗೆ ನನ್ನ ಕಡೆ ತಿರುಗಿ, ಅಮ್ಮಾ, ಯಜಮಾನ್ರಿಗೆ ಒಪ್ಪಿಗೆ ಆದಂಗದೆ, ನಿಮಗೆ ಅಡುಗೆಮನೆ ಹಿಡಿಸಿತಾ ಎಂದು ಕೇಳಿದ.

ಡ್ರೈವರಣ್ಣನ ಮುಖ ಕೆಂಪಾಯಿತು. "ನಾನು ಡ್ರೈವರ್ರು ಕಣಪ್ಪ. ಮನೆ ತಗಳೋರು ಅವ್ರು. ಏನಿದ್ರೂ ಅವ್ರ ತಾವ ಮಾತಾಡು," ಎಂದು ಹೇಳಿ ಬೈಕಿನ ಹತ್ತಿರ ಹೋಗಿ ನಿಂತುಬಿಟ್ಟರು.

ಮರುದಿನ ಬಸ್ಸಿನಲ್ಲಿ ನಾವಿಬ್ಬರೂ ಆ ಮಾತೆತ್ತಲಿಲ್ಲ. ಆದರೆ ಎಂದಿನಂತೆ ಇಡ್ಲಿ ತಿನ್ನಲು ಕೂತಾಗ ಅವರು ಬೇರೆ ಮೇಜಿನಲ್ಲಿ, ಇನ್ನೊಬ್ಬ ಡ್ರೈವರ ಜೊತೆ ಕೂತರು. ಎರಡು ಮೂರು ದಿನದ ಮೇಲೆ ಎಲ್ಲ ಸರಿಹೋಯಿತು. ಆದರೂ ಮತ್ತೆ ಮನೆ ನೋಡಲು ಬನ್ನಿ ಎಂದು ನಾನು ಕರೆಯಲಿಲ್ಲ. ಎರಡನೇ ಸಲ, ಮೂರನೇ ಸಲ ಒಬ್ಬಳೇ ಹೋದೆ.

ಆ ಮನೆಯನ್ನೇ ಕೊಳ್ಳುವುದೆಂದು ತೀರ್ಮಾನ ಮಾಡಿದೆ. ನನ್ನ ಸಂಬಳಕ್ಕೆ ನಿಲುಕುವ ಮನೆ ಅದೊಂದೇ ಎಂಬುದು ಒಂದು ಕಾರಣ. ಡಿಪೋ ಹತ್ತಿರ ಎಂಬುದು ಇನ್ನೊಂದು. ಯಾರಿಗೂ ಹೇಳದ ಕಾರಣವೆಂದರೆ, ಅಲ್ಲಿ ನಾನು ಯಾರ ತಂಗಿಯೂ ಅಲ್ಲ, ಯಾರ ಮೊದಲ ಹೆಂಡತಿಯೂ ಅಲ್ಲ. ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದೆ. ಕಾಗದಗಳನ್ನು ನೋಡಿದ ಹುಡುಗಿ ಒಳ್ಳೆಯ ಮಾತಿನವಳು. ನನ್ನ ಆಧಾರಿನಲ್ಲಿ, ಕೆಲಸದ ದಾಖಲೆಯಲ್ಲಿ ಎಲ್ಲ ಕಡೆ ಗಂಡನ ಹೆಸರಿತ್ತು. ವಿಚ್ಛೇದನದ ಕಾಗದ ಇದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಈ ಮನೆಯ ಮೇಲೆ ತನಗೆ ಯಾವ ಹಕ್ಕೂ ಇಲ್ಲ, ಸಾಲಕ್ಕೆ ತನ್ನ ತಕರಾರೂ ಇಲ್ಲ ಎಂದು ಅವರಿಂದ ಬರೆಸಿಕೊಂಡು ಬನ್ನಿ, ನಮ್ಮ ವಕೀಲರು ಕೇಳುತ್ತಾರೆ ಎಂದಳು. ಅವರು ಎಲ್ಲಿದ್ದಾರೆ ಗೊತ್ತಿದೆಯಾ ಮೇಡಂ ಎಂದೂ ಕೇಳಿದಳು. ಗೊತ್ತಿದೆ ಎಂದೆ.

ಹದಿನೈದು ದಿನ ಅವಳು ಬರೆದುಕೊಟ್ಟ ಒಕ್ಕಣೆಯ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಶಿವರಾತ್ರಿ ಕಳೆದ ಮೇಲೆ ವಾರದ ರಜೆಯ ಒಂದು ಮಂಗಳವಾರ ಕಿಕ್ಕೇರಿಯ ಬಸ್ಸು ಹತ್ತಿದೆ. ಬಸ್ಸಿನ ಕಂಡಕ್ಟರು ಗುರುತಿನವನು. ಎಲ್ಲಿಗಕ್ಕ ಎಂದ. ಹೇಳಿದೆ. ಅವನು ಮುಂದಿನ ಸೀಟಿನವರ ಕಡೆ ತಿರುಗಿದ.

ಮಿಲ್ಲು ಕಿಕ್ಕೇರಿಯ ಬಸ್ ಸ್ಟಾಪಿನಿಂದ ಸ್ವಲ್ಪ ಒಳಗಿತ್ತು. ದೂರದಿಂದಲೇ ಬೆಲ್ಟಿನ ಸದ್ದು ಕೇಳಿಸುತ್ತಿತ್ತು. ಪಕ್ಕದಲ್ಲೇ ಮನೆ, ಅಂಗಳದ ತಂತಿಯ ಮೇಲೆ ಹೆಣ್ಣುಮಗುವಿನ ಶಾಲೆಯ ಸಮವಸ್ತ್ರ ಒಣಗುತ್ತಿತ್ತು. ಬಾಗಿಲಲ್ಲಿ ನಿಂತಾಗ ಒಳಗಿದ್ದವನು ಯಾರೋ ರಾಗಿ ತಂದವರೆಂದು ತಿಳಿದು, ಅಲ್ಲಿಡಿ ಎಂದ. ತಲೆ, ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿದ ಮೇಲೆ ಮಿಷನ್ನು ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ತಲೆ ಒರೆಸಿಕೊಂಡ. ಹಿಟ್ಟು ಹೋಯಿತು, ತಲೆ ಹಾಗೇ ಬೆಳ್ಳಗಿತ್ತು. ಅವನಿಗೆ ವಯಸ್ಸಾಗಿರುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

"ಏನಾಯ್ತು? ಯಾರಾರ ತೀರೋದ್ರಾ?" ಎಂದ.

ನಾನು ಇಲ್ಲ ಎಂದು ತಲೆಯಾಡಿಸಿದೆ. ಒಂದು ಸೈನು ಬೇಕಾಗಿತ್ತು ಎಂದೆ. ಅವನನ್ನು ನೀವು ಅನ್ನಬೇಕೋ ನೀನು ಅನ್ನಬೇಕೋ ತಿಳಿಯದೆ, ಯಾವುದೂ ಬಾರದಂತೆ ಮಾತು ಕಟ್ಟಿದೆ. ಅವನು ಒಂದು ಮೂಟೆಯ ಮೇಲೆ ಗೋಣಿಚೀಲ ಹಾಸಿ ಕೂತ್ಕ ಎಂದ. ಕಾಗದವನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದ. ಮನೆಯ ಒಳಗಿನಿಂದ ಆಕೆ ಒಮ್ಮೆ ಬಾಗಿಲವರೆಗೂ ಬಂದು ನೋಡಿ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಒಂದು ಲೋಟ ಮಜ್ಜಿಗೆ ಹೊಸಿಲ ಮೇಲೆ ಬಂದು ಕೂತಿತ್ತು. ಅದನ್ನು ಅವನೇ ಎತ್ತಿ ನನಗೆ ಕೊಟ್ಟ.

"ಎಲ್ಲಿ ಮನೆ?"

"ಪಾಂಡವಪುರದಿಂದಾಚೆ. ಹೊಸ ಬಡಾವಣೆ."

"ನೀರೆಂಗೆ?"

"ಬೋರದೆ ಅಂದವ್ರೆ."

"ಅಂದೋರ ಮಾತು ಬುಡು. ಇನ್ನೊಂದು ತಿಂಗ್ಳು ತಡ್ದು, ಬಿಸ್ಲು ಕಾದ ಮ್ಯಾಕೆ ಓಗಿ ನಲ್ಲಿ ತಿರುಗ್ಸಿ ನೋಡು." ಅವನು ಕಾಗದ ಮಡಿಸಿ ಮತ್ತೆ ಬಿಡಿಸಿದ. "ನೆಲ ನೋಡ್ದಾ? ಒಂದು ಬಿಂದ್ಗೆ ನೀರ ಸುರ್ದು ನೋಡು. ಒಂದೇ ಮೂಲೆಗೆ ಅರೀತು ಅಂದ್ರೆ ಪಾಯ ಕೂತದೆ ಅಂತ. ಅಂಗಿದ್ರೆ ಮುಂಗಡ ಕೊಡ್ಬ್ಯಾಡ."

ನಾನು ಹೂಂ ಎಂದೆ. ಅವನು ಸೈನು ಮಾಡಿದ. ಬೆರಳಿನ ಹಿಟ್ಟು ಕಾಗದದ ಅಂಚಿಗೆ ಮೆತ್ತಿಕೊಂಡಿತು. ಅದನ್ನು ಊದಿ, ಒರೆಸಿ, ಕೈಗೆ ಕೊಟ್ಟ. ಇಷ್ಟು ದಿನದಲ್ಲಿ ನಾನು ಮಾತಾಡಿದ ಪ್ರತಿಯೊಬ್ಬರೂ ಜೊತೆಗೆ ಯಾರಿರುತ್ತಾರೆ ಎಂದು ಕೇಳಿದ್ದರು. ಅವನೊಬ್ಬನೇ ಕೇಳಲಿಲ್ಲ. ಆದರೆ ನೀರು ಹೇಗೆ, ನೆಲ ಹೇಗೆ ಎಂದು ಕೇಳಿದವನೂ ಅವನೊಬ್ಬನೇ. ಅದು ನನಗೆ ಸಿಟ್ಟು ತರಿಸಿತು. ಇನ್ಯಾರಾದರೂ ಕೇಳಬಹುದಾಗಿದ್ದ ಮಾತು ಅದು. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಬಾಯಲ್ಲಿ ಮಜ್ಜಿಗೆಯ ಹುಳಿ ಮಾತ್ರ ಬಹಳ ಹೊತ್ತು ಇತ್ತು.

ಬಿಸಿಲು ಕಾದ ಮೇಲೆ ಒಂದು ದಿನ ಬ್ರೋಕರನಿಂದ ಬೀಗದ ಕೈ ಇಸಿದುಕೊಂಡು ಹೋದೆ. ನಲ್ಲಿಯಲ್ಲಿ ನೀರು ಬಂತು, ಸಣ್ಣಗೆ ಬಂದರೂ ನಿಲ್ಲದೆ ಬಂತು. ಬಕೆಟ್ಟು ತುಂಬಿಸಿ ನಡುಮನೆಯಲ್ಲಿ ಸುರಿದೆ. ಎಲ್ಲ ಕಡೆಗೂ ಹರಡಿತು. ಕೋಣೆಯಲ್ಲೂ ಹಾಗೇ. ಹಿಂದಿನ ಸಣ್ಣ ಕೋಣೆಯಲ್ಲಿ ಸುರಿದಾಗ ಇಡೀ ಬಕೆಟ್ಟಿನ ನೀರು ಬಡಗಣ ಮೂಲೆಗೆ ಓಡಿ ಅಲ್ಲಿ ನಿಂತಿತು. ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡಿದೆ. ಆಮೇಲೆ ಒಬ್ಬ ಗಾರೆಯವನನ್ನು ಕರೆಸಿ ತೋರಿಸಿದೆ. ಆ ಮೂಲೆಯೊಂದೇ ಕುಸಿದಿದೆ, ಮಿಕ್ಕ ಮನೆ ಗಟ್ಟಿಯಾಗಿದೆ ಎಂದ. ಮಾರುವವರ ಜೊತೆ ನಾನೇ ಫೋನಿನಲ್ಲಿ ಮಾತಾಡಿದೆ. ಮೊದಲು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದನ್ನು ನೋಡಿಕೊಂಡು ಹೇಳಿದೆ. ಆಮೇಲೆ, ಟಿಕೆಟ್ ತೆಗೆಸದೆ ಕೂತವರ ಹತ್ತಿರ ಮಾತಾಡುವ ನನ್ನ ಎಂದಿನ ದನಿ ಹೇಗೋ ಬಂದುಬಿಟ್ಟಿತು. ಅವರು ಆ ಮೂಲೆಯನ್ನು ಅಗೆಸಿ, ಭದ್ರ ಮಾಡಿಸಿಕೊಟ್ಟ ಮೇಲೆಯೇ ಕ್ರಯಕ್ಕೆ ದಿನ ಗೊತ್ತು ಮಾಡಿದೆ. ನೀರು ಸುರಿದು ನೋಡುವ ಉಪಾಯ ಯಾರು ಹೇಳಿಕೊಟ್ಟದ್ದು ಎಂದು ಡ್ರೈವರಣ್ಣ ಕೇಳಿದಾಗ, ಬಸ್ಸಿನಲ್ಲಿ ಯಾರೋ ಹೇಳಿದರು ಎಂದೆ.

ರಿಜಿಸ್ಟ್ರೇಷನ್ನಿಗೆ ಸಾಕ್ಷಿ ಹಾಕಲು ಡ್ರೈವರಣ್ಣ, ಅವರ ಹೆಂಡತಿ ಇಬ್ಬರೂ ಬಂದರು. ಆಕೆ ನನಗೆ ಹೂವು ತಂದಿದ್ದರು. ಕಚೇರಿಯಲ್ಲಿ ಫೋಟೋ ತೆಗೆಯುವಾಗ ಕ್ಯಾಮೆರಾದವನು, ಇನ್ನೊಬ್ಬರು ಯಾರು ಕೂರುವವರು ಎಂದ. ಯಾರೂ ಇಲ್ಲ ಎಂದೆ. ಅವನು ಪಕ್ಕದ ಖಾಲಿ ಕುರ್ಚಿಯನ್ನು ಈಚೆಗೆ ಎಳೆದಿಟ್ಟು ಫೋಟೋ ತೆಗೆದ.

ಹಾಲು ಉಕ್ಕಿಸಿದ ದಿನ ನಾಲ್ಕೈದು ಜನ ಬಂದಿದ್ದರು. ಡಿಪೋದ ಇಬ್ಬರು ಹೆಂಗಸರು, ಡ್ರೈವರಣ್ಣನ ಮನೆಯವರು. ನಾಗಮಂಗಲದಿಂದ ನನ್ನ ಅಣ್ಣ ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ಮನೆಯನ್ನೆಲ್ಲ ಸುತ್ತಿ ನೋಡಿ, ಚೆನ್ನಾಗದೆ ಎಂದ. ಹೊರಡುವಾಗ ಗೇಟಿನ ಬಳಿ ನಿಂತು, ಸುತ್ತಲಿನ ಖಾಲಿ ಸೈಟುಗಳ ಮೇಲೆ ಕಣ್ಣಾಡಿಸಿದ.

"ಇಲ್ಲಿ ಒಬ್ಳೇ ಎಂಗವ್ವ ಇದ್ದೀಯ?"

"ಅಲ್ಲೂ ಒಬ್ಳೇ ಇದ್ನಲ್ಲಣ್ಣ."

ಅವನು ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಬೈಕ್ ಹತ್ತಿ ಹೋದ. ಎಲ್ಲರೂ ಹೋದ ಮೇಲೆ ಸುತ್ತಿಗೆ ಹುಡುಕಿದೆ, ಇರಲಿಲ್ಲ. ರುಬ್ಬುವ ಗುಂಡುಕಲ್ಲಿನಿಂದಲೇ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದೆ. ಎರಡು ಬಗ್ಗಿದವು, ಮೂರನೆಯದು ನಿಂತಿತು.

ಪಕ್ಕದ ಮನೆಯವರು ಮುಸ್ಲಿಮರು. ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮೊದಲ ದಿನವೇ ಗೋಡೆಯಾಚೆಯಿಂದ ಅಕ್ಕ ಎನ್ನುವ ಹಾಗೆ ಸಲಾಂ ಆಪಾ ಎಂದು, ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆಂದು ಹೇಳಿದ್ದರು. ಆಮೇಲೆ ನಾವು ಮಾತಿಗೆ ಸಿಗುವುದೇ ಅಪರೂಪವಾಯಿತು. ನಾನು ಹೋಗುವಾಗ ಅವರ ಬಾಗಿಲು ಮುಚ್ಚಿರುತ್ತಿತ್ತು, ಬರುವಾಗ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ಕಿವಿಗೊಟ್ಟು ನಾನು ಅಡುಗೆ ಮಾಡುತ್ತಿದ್ದೆ. ಕೂಗಿ ಮಾತಾಡಿಸಬಹುದಿತ್ತು. ಅಷ್ಟು ವರ್ಷ ದಿನವಿಡೀ ನೂರಾರು ಜನರೊಡನೆ ಮಾತಾಡಿದರೂ ಅದೆಲ್ಲ ಎಲ್ಲಿಗೆ, ಎಷ್ಟು ಜನ, ಮುಂದೆ ನಡೀರಿ, ಇಷ್ಟೇ. ಸುಮ್ಮನೆ ಒಬ್ಬರನ್ನು ಮಾತಾಡಿಸುವುದು ಮರೆತಿತ್ತು.

ಮೊದಲ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಡಿಪೋಗೆ ಫೋನ್ ಮಾಡಿ ರಜೆ ಹೇಳಿ ಮಲಗಿದೆ. ಎರಡು ದಿನ ಮಾತ್ರೆ ನುಂಗಿ, ಬ್ರೆಡ್ಡು ತಿಂದು ಮಲಗಿಯೇ ಇದ್ದೆ. ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಯಾರೋ ಕಿಟಕಿ ಬಡಿಯುತ್ತಿದ್ದರು. ಗೇಟಿಗೆ ಸಿಕ್ಕಿಸಿದ್ದ ಹಾಲಿನ ಪ್ಯಾಕೆಟ್ಟು ಹಾಗೇ ಇರುವುದನ್ನು ಪಕ್ಕದ ಮನೆಯಾಕೆ ನೋಡಿದ್ದರು. ನಾನು ಗೋಡೆ ಹಿಡಿದುಕೊಂಡು ಬಂದು ಚಿಲಕ ತೆಗೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವರು ಒಳಗೆ ಬಂದು ಹಣೆ ಮುಟ್ಟಿ ನೋಡಿದರು.

"ಮೂರು ದಿನದಿಂದ ಹೀಗೇ ಇದೀರಾ ಆಪಾ? ಒಂದು ಸಲ ಕೂಗಬಾರದಾ? ಗೋಡೆ ಇರೋದೇ ಇಷ್ಟು ಎತ್ತರ."

ಕೂಗಬೇಕೆಂದು ಹೊಳೆಯಲಿಲ್ಲ ಎಂದೆ. ಅದು ನಿಜವಾಗಿತ್ತು. ಅವರು ಗಂಜಿ ಮಾಡಿ ತಂದರು, ಆಟೋ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಚೀಟಿ ಬರೆಯುವವರು ಇವರು ನಿಮಗೆ ಏನಾಗಬೇಕು ಎಂದು ಕೇಳಿದಾಗ, ಪಕ್ಕದ ಮನೆಯವರು ಎಂದು ಆಕೆಯೇ ಹೇಳಿದರು. ಜ್ವರ ಬಿಟ್ಟ ಮೇಲೆ ನನ್ನ ಮನೆಯ ಇನ್ನೊಂದು ಬೀಗದ ಕೈಯನ್ನು ಅವರಿಗೆ ಕೊಟ್ಟೆ. ಬೇರೆ ಯಾರಿಗೆ ಕೊಡಲಿ ಎಂದು ಯೋಚಿಸುವ ಅಗತ್ಯವಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಅವರು ಅದನ್ನು ಸೂಜಿ, ಗುಂಡಿಗಳ ಡಬ್ಬಿಯಲ್ಲಿ ಇಟ್ಟುಕೊಂಡರು.

ಈಗ ಎರಡು ವರ್ಷವಾಗಿದೆ. ಬಡಾವಣೆಯಲ್ಲಿ ಇನ್ನೂ ಮೂರು ಮನೆ ಎದ್ದಿವೆ, ಎರಡರಲ್ಲಿ ಜನ ಬಂದಿಲ್ಲ. ಸೈಟು ಕೊಂಡವರು ಆಗಾಗ ಕಾರಿನಲ್ಲಿ ಬಂದು, ಕಲ್ಲು ಇದ್ದಲ್ಲೇ ಇದೆಯಾ ಎಂದು ನೋಡಿಕೊಂಡು ಹೋಗುತ್ತಾರೆ.

ಹೋದ ವರ್ಷ ನನ್ನ ಮನೆಯ ಇನ್ನೊಂದು ಬದಿಯ ಸೈಟಿನಲ್ಲಿ ಪಾಯ ತೋಡಿದರು. ಮೈಸೂರಿನ ಗಂಡ ಹೆಂಡತಿ, ಇಬ್ಬರಿಗೂ ಮೂವತ್ತು ದಾಟಿರಲಿಲ್ಲ. ಅವನದು ಕ್ಷೌರದ ಅಂಗಡಿ, ಮಂಗಳವಾರ ರಜೆ. ನನ್ನ ವಾರದ ರಜೆಯೂ ಮಂಗಳವಾರವೇ. ಹಾಗಾಗಿ ಅವರು ಸ್ಕೂಟರಿನಲ್ಲಿ ಬಂದಾಗಲೆಲ್ಲ ನಾನು ಮನೆಯಲ್ಲಿರುತ್ತಿದ್ದೆ. ಕುಡಿಯಲು ನೀರು ಕೇಳಿಕೊಂಡು ಬಂದವರು ಆಮೇಲಾಮೇಲೆ ಟೀ ಕುಡಿದು, ನನ್ನ ಜಗಲಿಯಲ್ಲೇ ಬುತ್ತಿ ಬಿಚ್ಚಿ ಊಟ ಮಾಡುವಷ್ಟು ಹತ್ತಿರವಾದರು. ಮನೆಯ ನಕ್ಷೆಯನ್ನು ಆ ಹುಡುಗಿ ನೆಲದ ಮೇಲೆ ಹರಡಿ ನನಗೆ ತೋರಿಸುತ್ತಿದ್ದಳು. ಅಡುಗೆಮನೆಯ ಕಿಟಕಿ ಯಾವ ಕಡೆಗೆ ಇಡಲಿ ಆಂಟಿ ಎಂದು ಕೇಳಿದಳು. ನನ್ನ ಕಡೆಗೇ ಇಡು, ಬೆಳಗಿನ ಬೆಳಕು ಬರುತ್ತದೆ ಎಂದೆ. ಬೆಳಕು ಆ ಕಡೆಯಿಂದ ಬರುವುದೇನೋ ನಿಜವೇ. ಸೋಮವಾರ ಸಂಜೆಯೇ ನಾನು ಅವರಿಗೆಂದು ಒಂದು ಪ್ಯಾಕೆಟ್ಟು ಹಾಲು ಹೆಚ್ಚಾಗಿ ತರಲು ಶುರು ಮಾಡಿದ್ದೆ.

ಪಾಯ ಕಟ್ಟಿ, ಮಣ್ಣು ತುಂಬಿದ ಮೇಲೆ ಕೆಲಸ ನಿಂತಿತು. ಒಂದು ಮಂಗಳವಾರ ಬರಲಿಲ್ಲ, ಮುಂದಿನದೂ ಬರಲಿಲ್ಲ. ಅವರ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ವಾರವಾರವೂ ಬರುವವರ ನಂಬರು ತೆಗೆದುಕೊಳ್ಳಬೇಕೆಂದು ತೋಚಿರಲಿಲ್ಲ. ಪಕ್ಕದ ಮನೆಯಾಕೆಗೆ ಗೊತ್ತಿರಬಹುದೆಂದು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಅವರ ಪಾಯ ಕಟ್ಟಿದ ಮೇಸ್ತ್ರಿ ಬಸ್ಸಿನಲ್ಲಿ ಸಿಕ್ಕಾಗ ವಿಚಾರಿಸಿದೆ. ಮೈಸೂರಲ್ಲೇ ಎಲ್ಲೋ ಬಾಡಿಗೆಗವ್ರಂತೆ, ಈ ಕಡಿಕೆ ಬರಂಗೆ ಕಾಣಕಿಲ್ಲ ಕಣಕ್ಕ ಎಂದ.

ಈಗ ಆ ಪಾಯದೊಳಗೆ ಮೊಣಕಾಲೆತ್ತರ ಹುಲ್ಲು ಬೆಳೆದಿದೆ, ಮಧ್ಯಾಹ್ನ ಎಲ್ಲಿಂದಲೋ ಎರಡು ಮೇಕೆಗಳು ಬಂದು ಮೇಯುತ್ತವೆ. ಈ ಮಂಗಳವಾರವೂ ಬಟ್ಟೆ ಒಗೆದು ಹಾಕಿ, ಮೆಂತ್ಯದ ಸೊಪ್ಪು ಬಿಡಿಸುತ್ತಾ ಜಗಲಿಯಲ್ಲಿ ಕೂತಿದ್ದೆ. ಮುಖ್ಯರಸ್ತೆಯ ಕಡೆಯಿಂದ ಒಂದು ಸ್ಕೂಟರು ತಿರುಗಿ ಬಂತು. ಹತ್ತಿರ ಬಂದಾಗ ನೋಡಿದೆ, ಬೇರೆ ಯಾರೋ. ಮುಂದಿನ ಸಾಲಿನ ಸೈಟು ಯಾವುದು ಎಂದು ಕೇಳಿದರು. ಎದ್ದು ಗೇಟಿನವರೆಗೂ ಹೋಗಿ ದಾರಿ ತೋರಿಸಿದೆ.